ಮಂಗಳ ಗ್ರಹದ ಕಡೆಯವರು

ಆಕಾಶದಲ್ಲಿ ನಮ್ಮನ್ನು ಬಿಟ್ಟು ಬೇರೆ ಯಾರಾದರೂ ಇದ್ದಾರೆಯೆ ಎಂದು ತಿಳಿಯುವ ಆಸೆ ಮನುಷ್ಯನಿಗೆ ಏಕೆ ಇಷ್ಟೊಂದು ಇದೆಯೋ ನನಗೆ ಅರ್ಥವಾಗಿಲ್ಲ. ಪಕ್ಕದ ಮನೆಯಲ್ಲಿ ಯಾರಿದ್ದಾರೆಂಬುದು ಚೆನ್ನಾಗಿ ಗೊತ್ತಿರುವುದರಿಂದಲೇ ಇರಬಹುದು. ಬೇಲಿಯಾಚೆಯ ತೆಂಗಿನ ಮಡಲು ತಮ್ಮ ಅಂಗಳಕ್ಕೆ ಬಿತ್ತೆಂದು ನೆರೆಯವರೊಡನೆ ವರ್ಷಗಟ್ಟಲೆ ಮಾತು ಬಿಟ್ಟವರು, ಕೋಟಿಗಟ್ಟಲೆ ಮೈಲಿ ದೂರದಲ್ಲಿ ಯಾರಾದರೂ ಸಿಕ್ಕಿದರೆ ನಾಲ್ಕು ಮಾತಾಡಬಹುದಿತ್ತು ಎಂದು ಹಂಬಲಿಸುತ್ತಾರೆ. ಹೀಗೆ ಹಂಬಲಿಸುವವರಲ್ಲಿ ನಾನು ಮುಂದಿನ ಸಾಲಿನವನು. ನನ್ನ ಅಮ್ಮನಿಗೆ ಮಾತ್ರ ಈ ಕುತೂಹಲ ಎಳ್ಳಷ್ಟೂ ಇರಲಿಲ್ಲ. ಉಡುಪಿಯ ನಮ್ಮ ಬಾಡಿಗೆ ಮನೆಯಲ್ಲಿ ಸಕ್ಕರೆ ಡಬ್ಬಿಗೆ ಇರುವೆ, ಅಕ್ಕಿ ಮುಡಿಗೆ ಇಲಿ, ಹಂಚಿನ ಸಂದಿಗೆ ಹಲ್ಲಿ, ಹಿತ್ತಿಲ ಬಾಗಿಲಿಗೆ ಕಾಗೆ ಹೀಗೆ ಒಂದೊಂದು ಜಾಗಕ್ಕೆ ಒಂದೊಂದು ಜೀವಿ ಹಕ್ಕು ಸ್ಥಾಪಿಸಿತ್ತು. ಅವರೆಲ್ಲರ ನಡುವೆ ನಮಗೂ ಮಲಗಲು ಜಾಗ ಸಿಕ್ಕಿದ್ದೇ ದೊಡ್ಡದು, ಇನ್ನು ಮೇಲಿನ ಲೋಕದವರನ್ನು ಯಾಕೆ ಕರೆಯುತ್ತೀ ಎಂಬುದು ಅವಳ ವಾದ. ಈ ಭೂಮಿಯ ಮೇಲೆ ಮನುಷ್ಯನ ಸ್ಥಾನವೇನು ಎಂಬ ವಿಷಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಮಾತನ್ನು ನಾನು ಆಮೇಲೆ ಯಾವ ಪುಸ್ತಕದಲ್ಲಿಯೂ ಓದಲಿಲ್ಲ.

ಐವತ್ತರ ದಶಕದ ನಡುವಿನ ಮಾತು. ನಾನು ಜೀವವಿಮೆಯ ಏಜೆಂಟನಾಗಿದ್ದೆ. ವಾರದಲ್ಲಿ ಒಂದು ದಿನ ಕೆಮ್ಮಣ್ಣು, ಒಂದು ದಿನ ಕಾಪು, ಎರಡು ದಿನ ಹಿರಿಯಡ್ಕ ಮತ್ತು ಕಾರ್ಕಳ. ಚರ್ಮದ ಚೀಲ ಹಿಡಿದು, ಎದುರಿಗೆ ಕುಳಿತವರಿಗೆ ಅವರ ಸಾವಿನ ಬಗ್ಗೆ ಮರ್ಯಾದೆಯಿಂದ ಮಾತನಾಡುವುದು ನನ್ನ ಕಸುಬು. ಅದು ಸುಲಭದ್ದಲ್ಲ. 'ಅಕಸ್ಮಾತ್ ನೀವು ಇಲ್ಲವಾದರೆ' ಎಂದು ಶುರುಮಾಡಿದ ಕೂಡಲೇ ಮನೆಯ ಹೆಂಗಸರು ಕಾಫಿ ತರುತ್ತಿದ್ದವರು ಕಾಫಿಯನ್ನು ಒಳಗೇ ತಿರುಗಿ ಕೊಂಡೊಯ್ದದ್ದುಂಟು. ಹಾಗಾಗಿ ಮಾತು ಆರಂಭಿಸಲು ನಾನು ಬೇರೊಂದು ದಾರಿ ಹಿಡಿದಿದ್ದೆ. ಲೈಬ್ರರಿಯಲ್ಲಿ ಮಂಗಳ ಗ್ರಹದ ಬಗ್ಗೆ ಒಂದು ಪುಸ್ತಕ ಸಿಕ್ಕಿತ್ತು. ಅಲ್ಲಿ ಋತುಗಳಿವೆ, ಧ್ರುವದಲ್ಲಿ ಮಂಜು ಇದೆ, ಕಾಲುವೆಯಂಥ ಗೆರೆಗಳಿವೆ, ಬೇಸಗೆ ಬಂದಂತೆ ಹಸಿರೋ ಕಪ್ಪೋ ಎನ್ನುವ ಬಣ್ಣ ಹರಡುತ್ತದೆ, ಅದು ಪಾಚಿಯೇ ಇರಬೇಕು, ಪಾಚಿ ಇದ್ದಲ್ಲಿ ಮುಂದಿನದೂ ಇರಬಾರದೇಕೆ ಎಂದೆಲ್ಲ ಅದರಲ್ಲಿತ್ತು. ಅಷ್ಟರಲ್ಲಿ ಆ ವರ್ಷ ಮಂಗಳ ಭೂಮಿಗೆ ತೀರಾ ಹತ್ತಿರ ಬರುತ್ತದೆಂದು ಪತ್ರಿಕೆಯಲ್ಲಿಯೂ ಬಂತು. ನಾನು ಮಂಗಳದಿಂದ ಹೊರಟು ವಿಮೆಗೆ ಬಂದು ಇಳಿಯುವುದೆಂದು ಯೋಚಿಸಿದ್ದೆ. ಹೆಚ್ಚಿನ ದಿನ ಇಳಿಯುವ ಮೊದಲೇ ನನ್ನ ಬಸ್ಸಿನ ಹೊತ್ತಾಗುತ್ತಿತ್ತು.

ಕೇಳಿದವರಿಗೆ ಏನೂ ನಷ್ಟವಿರಲಿಲ್ಲ. ಕೆಮ್ಮಣ್ಣಿನ ಪಾಸ್ಕಲ್ ಪೊರ್ಬುಗಳು ತೆಂಗಿನ ಕಟ್ಟೆಯ ಮೇಲೆ ಕುಳಿತು ಗಂಭೀರವಾಗಿ ಕೇಳಿ, ಅಲ್ಲಿಯವರಿಗೂ ಒಬ್ಬ ಪಾದ್ರಿಯ ವ್ಯವಸ್ಥೆ ದೇವರು ಮಾಡಿರಲೇಬೇಕಲ್ಲ ಎಂದು ಚಿಂತೆಗೊಳಗಾದರು. ಕಾಪುವಿನ ಪೇಟೆಯಲ್ಲಿ ಜವಳಿ ವ್ಯಾಪಾರ ಮಾಡುತ್ತಿದ್ದ ಇದಿನಬ್ಬ ಬ್ಯಾರಿಗಳು, ವಿಮೆ ತಮಗೆ ಬೇಡವೇ ಬೇಡ ಎಂದು ಮೊದಲೇ ಹೇಳಿ, ಚಹಾ ತರಿಸಿ, ಅಲ್ಲಿ ಸಮುದ್ರ ಇಲ್ಲ ಎಂದಾದರೆ ಮೀನು ಇಲ್ಲ, ಮೀನು ಇಲ್ಲ ಎಂದಾದರೆ ಜನ ಹೇಗೆ ಬದುಕುತ್ತಾರೆ ಎಂದು ನನ್ನನ್ನೇ ಕೇಳಿದರು. ಒಬ್ಬೊಬ್ಬರೂ ತಮ್ಮ ಅಂಗಳದಲ್ಲಿ ಇಲ್ಲದ್ದನ್ನು ಅಲ್ಲಿ ಹುಡುಕುವುದಿಲ್ಲ, ಇದ್ದದ್ದನ್ನೇ ಹುಡುಕುತ್ತಾರೆ ಎಂಬುದು ನನಗೆ ಆಗ ಹೊಳೆಯಿತು. ನಾನು ಏನು ಹುಡುಕುತ್ತಿದ್ದೆ ಎಂಬುದು ಹೊಳೆಯಲಿಲ್ಲ. ನನಗೆ ಆಗ ಮೂವತ್ತು ಸಮೀಪಿಸಿತ್ತು, ಮದುವೆಯಾಗಿರಲಿಲ್ಲ.

ಒಂದು ದಿನ ಮಣಿಪಾಲದ ಗುಡ್ಡ ಹತ್ತಿ ಹಿರಿಯಡ್ಕ ದಾಟಿ ಹೋಗುವ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋದೆ. ಅಲ್ಲಿ ಬಟ್ಟೆ ಅಂಗಡಿಯ ಸುಬ್ರಾಯರೆಂಬವರು ಪಾಲಿಸಿ ಮಾಡಿಸುವ ಮನಸ್ಸಿನಲ್ಲಿದ್ದಾರೆಂದು ಯಾರೋ ಹೇಳಿದ್ದರು. ಮನೆಯ ಚಾವಡಿಯಲ್ಲಿ ಕುಳ್ಳಿರಿಸಿದರು. ನಾನು ಎಂದಿನಂತೆ ಮಂಗಳ ಗ್ರಹದಿಂದ ಹೊರಟೆ. ಹೆಸರು ಕೇಳುತ್ತಲೇ ಸುಬ್ರಾಯರ ಮುಖ ಸಣ್ಣದಾಯಿತು. ಆ ಗ್ರಹದ ವಿಷಯ ನಮ್ಮ ಮನೆಯಲ್ಲಿ ಮಾತಾಡದೆ ಇದ್ದರೆ ಒಳ್ಳೆಯದಿತ್ತು ಎಂದರು. ವಿಚಾರಿಸಿದರೆ, ಮಗಳ ಜಾತಕದಲ್ಲಿ ಏಳನೆಯ ಮನೆಯಲ್ಲಿ ಕುಜನಿದ್ದಾನೆ. ಕುಜನೆಂದರೆ ಮಂಗಳನೇ. ಏಳನೆಯದು ಗಂಡನ ಮನೆ. ಅಲ್ಲಿ ಅವನು ಕುಳಿತರೆ ಗಂಡನ ಆಯುಸ್ಸಿಗೆ ಒಳ್ಳೆಯದಲ್ಲವಂತೆ. ನೋಡಲು ಬಂದವರೆಲ್ಲ ತಿಂಡಿ ತಿಂದು, ಹುಡುಗಿ ಲಕ್ಷಣವಾಗಿದ್ದಾಳೆಂದು ಹೇಳಿ, ಜಾತಕ ನೋಡಿ, ಪತ್ರ ಬರೆಯುತ್ತೇವೆಂದು ಹೋದವರು. ಹುಡುಗಿಗೆ ಇಪ್ಪತ್ತಮೂರು ನಡೆಯುತ್ತಿತ್ತು, ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು.

ಇಷ್ಟು ಕೇಳಿದ ಮೇಲೆ ಬುದ್ಧಿ ಇದ್ದವನು ಮಾತು ಬದಲಾಯಿಸುತ್ತಿದ್ದ. ನಾನು, ಆ ಗ್ರಹದ ಬಗ್ಗೆ ಜನರಿಗಿರುವ ತಪ್ಪು ತಿಳುವಳಿಕೆಯನ್ನು ದೂರ ಮಾಡಲು ಇದೇ ತಕ್ಕ ಸ್ಥಳವೆಂದು ತಿಳಿದೆ. ಅದರ ಕೆಂಪು ಸಿಟ್ಟಿನ ಕೆಂಪಲ್ಲ, ತುಕ್ಕಿನ ಕೆಂಪು ಎಂದೆ. ಪಾಚಿಯ ವಿಷಯ ಹೇಳಿದೆ. ಉತ್ಸಾಹ ಏರಿ, ಪಾಚಿಯಿಂದ ಮೇಲೆ ಹತ್ತಿ, ನಮ್ಮಂತೆಯೇ ಯೋಚಿಸುವ ಜೀವಿಗಳೂ ಅಲ್ಲಿ ಇದ್ದಾವು, ಅವರೂ ಸಂಸಾರ ಹೂಡಿಕೊಂಡು ಸುಖವಾಗಿದ್ದಾರು ಎಂಬಲ್ಲಿಗೆ ತಲುಪಿದೆ. ಆಗ ಒಳಗಿನ ಬಾಗಿಲ ಸಂದಿನಿಂದ ಒಂದು ಸ್ವರ ಬಂತು.

"ಅಲ್ಲಿಯೂ ಹೆಣ್ಣು ನೋಡುವ ಶಾಸ್ತ್ರ ಉಂಟಾ?"

ಸುಬ್ರಾಯರು ಗಾಬರಿಯಾಗಿ ಒಳಗೆ ನೋಡಿದರು. ಸ್ವರದಲ್ಲಿ ದುಃಖವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಆಸಕ್ತಿಯಿತ್ತು, ತುದಿಯಲ್ಲಿ ಸ್ವಲ್ಪ ನಗು ಇತ್ತು. ಪುಸ್ತಕದಲ್ಲಿ ಈ ವಿಷಯ ಬಂದಿಲ್ಲ ಎಂದು ನಾನು ಪ್ರಾಮಾಣಿಕವಾಗಿ ಹೇಳಿದೆ. ಪಾಲಿಸಿಯ ಕಾಗದಗಳನ್ನು ಚೀಲದಿಂದ ಹೊರಗೆ ತೆಗೆಯದೆಯೇ ಎದ್ದು ಬಂದೆ. ಹಿರಿಯಡ್ಕದವರೆಗೆ ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದೆನೆಂದು ಕಂಡಕ್ಟರು ಆಮೇಲೆ ಹಲವರಿಗೆ ಹೇಳಿದನಂತೆ. ಉಡುಪಿಯಲ್ಲಿ ಇಳಿಯುವಾಗ, ಮದುವೆಯಾದರೆ ಆ ಹುಡುಗಿಯನ್ನೇ ಆಗಬೇಕು ಎಂದು ನಿಶ್ಚಯವಾಗಿತ್ತು. ಅವಳ ಮುಖವನ್ನು ಇನ್ನೂ ನೋಡಿರಲಿಲ್ಲ. ಮಂಗಳದವರನ್ನೂ ನೋಡದೆಯೇ ಅಷ್ಟು ಹಚ್ಚಿಕೊಂಡವನಿಗೆ ಅದೊಂದು ಕೊರತೆ ಎನಿಸಲಿಲ್ಲ.

ಅಮ್ಮ ಒಪ್ಪಿದಳು. ಹುಡುಗಿ ಶಾಲೆಗೆ ಹೋಗಿ ಬಂದು ಮನೆಗೆಲಸವನ್ನೂ ಮಾಡುತ್ತಾಳೆಂದರೆ ಸಾಕು, ಆಕಾಶದ ಕತೆ ತಮ್ಮನನ್ನು ಕೇಳು ಎಂದಳು. ಅವಳ ತಮ್ಮನೆಂದರೆ ನನ್ನ ಸೋದರಮಾವ ಪದ್ದುಮಾವ. ಕಾಪುವಿನಲ್ಲಿ ದೀಪಸ್ತಂಭದ ದಾರಿಯಲ್ಲಿ ಅವರದೊಂದು ಜಿನಸಿನ ಅಂಗಡಿ. ತಂದೆಯಿಲ್ಲದ ನನ್ನನ್ನು ಓದಿಸಿದವರು. ಅವರು ಹೂಂ ಎನ್ನದೆ ನಮ್ಮ ಮನೆಯಲ್ಲಿ ಎಮ್ಮೆಯನ್ನೂ ಕೊಳ್ಳುತ್ತಿರಲಿಲ್ಲ. ಅಂಗಡಿಯಲ್ಲಿ ತಕ್ಕಡಿಯ ಪಕ್ಕ ಪಂಚಾಂಗ ಇಟ್ಟುಕೊಂಡು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಊರವರ ಜಾತಕ ನೋಡುವುದು ಅವರ ಹುಚ್ಚು. ಕಾಸು ಮುಟ್ಟುತ್ತಿರಲಿಲ್ಲ. ಆದ್ದರಿಂದ ಅವರ ಮಾತಿಗೆ ಜೋಯಿಸರ ಮಾತಿಗಿಂತ ಬೆಲೆ ಹೆಚ್ಚು.

ಹುಡುಗಿಯ ಜಾತಕ ನೋಡಿದ ಪದ್ದುಮಾವ ಕನ್ನಡಕ ತೆಗೆದಿಟ್ಟರು. ಬೇಡ ಶೀನ ಎಂದರು. ನಾನು ದೂರದ ಲೆಕ್ಕ ತೆಗೆದೆ. ಅಷ್ಟು ಕೋಟಿ ಮೈಲಿ ಆಚೆಗಿರುವ ಗ್ರಹ ಕಾರ್ಕಳದ ಒಂದು ಹುಡುಗಿಯ ಗಂಡನನ್ನು ಹುಡುಕಿಕೊಂಡು ಬಂದು ಏನು ಮಾಡೀತು ಎಂದೆ. ಮಾವ ಶಾಂತವಾಗಿ, ಸೂರ್ಯ ಎಷ್ಟು ದೂರ ಉಂಟು ಎಂದು ಕೇಳಿದರು. ಈ ವರ್ಷದ ಮಟ್ಟಿಗೆ ಮಂಗಳಕ್ಕಿಂತಲೂ ದೂರ ಎಂದು ಒಪ್ಪಿಕೊಳ್ಳಬೇಕಾಯಿತು. ಮಾವ ನನ್ನ ಅಂಗಿಯನ್ನು ತೋರಿಸಿದರು. ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ನಾನು ಇನ್ನೊಂದು ದಾರಿ ಹಿಡಿಯುವ ಮೊದಲೇ ಅವರು ನನ್ನ ಕೊರಳಿಗೆ ನನ್ನದೇ ಹಗ್ಗ ಬಿಗಿದರು.

"ಅದು ಬರೀ ಕಲ್ಲು ಅಂತ ನೀನು ಹೇಳಿದ್ದರೆ ನಾನೂ ಒಂದು ಸಲ ಆಲೋಚನೆ ಮಾಡುತ್ತಿದ್ದೆ ಮಾರಾಯ. ಕಲ್ಲಿಗೆ ಎಂತದ್ದು ಹಗೆ? ಆದರೆ ಅಲ್ಲಿ ಜೀವ ಉಂಟು, ಬುದ್ಧಿ ಉಂಟು ಅಂತ ಊರೆಲ್ಲ ಹೇಳಿಕೊಂಡು ಬಂದದ್ದು ನೀನೇ ಅಲ್ವಾ? ಬುದ್ಧಿ ಇದ್ದಲ್ಲಿ ದೃಷ್ಟಿ ಉಂಟು. ದೃಷ್ಟಿ ಇದ್ದಲ್ಲಿ ದೋಷ ಉಂಟು."

ಆ ರಾತ್ರಿ ನಾನು ಪಟ್ಟ ಸಂಕಟವನ್ನು ಯಾವ ಪ್ರೇಮಿಯೂ ಪಟ್ಟಿರಲಾರ. ಮಂಗಳ ಒಂದು ಸತ್ತ ಕಲ್ಲಿನ ಉಂಡೆ, ಅಲ್ಲಿ ಪಾಚಿಯೂ ಇಲ್ಲ, ಪಿಳ್ಳೆಯೂ ಇಲ್ಲ ಎಂದು ನಾನೇ ಬಾಯಿಬಿಟ್ಟು ಹೇಳಿದರೆ ಮಾವ ಯೋಚಿಸಬಹುದು. ಹೇಳದಿದ್ದರೆ ಮದುವೆ ಇಲ್ಲ. ಒಂದು ಕಡೆ ಕಾರ್ಕಳದ ಒಂದು ಸ್ವರ. ಇನ್ನೊಂದು ಕಡೆ ಒಂದು ಇಡೀ ಗ್ರಹದ ಜನ, ಅವರ ಮನೆಮಠ, ಹೊಳೆ, ಬೇಸಾಯ. ಇಷ್ಟು ದಿನ ಅವರನ್ನು ಊರೂರು ಹೊತ್ತು ತಿರುಗಿದವನು ನಾನು. ಬೆಳಗ್ಗೆ ಅಮ್ಮ ಕಾಫಿ ಕೊಡುವಾಗ, ಯಾಕೆ ಕಣ್ಣು ಕೆಂಪಾಗಿದೆ ಎಂದು ಕೇಳಿದಳು. ಒಂದು ಗ್ರಹವನ್ನೇ ಮುಗಿಸಬೇಕೆಂದು ತೀರ್ಮಾನಿಸಿದ್ದೇನೆಂದು ಅವಳಿಗೆ ಹೇಗೆ ಹೇಳಲಿ?

ಪದ್ದುಮಾವ ನನ್ನ ಮುಖ ನೋಡಲಾರದೆ, ಒಮ್ಮೆ ಹೋಗಿಯಾದರೂ ಬರೋಣ ಎಂದರು. ಒಪ್ಪಿ ಅಲ್ಲ; ಬೇಡವೆಂಬುದನ್ನು ಪತ್ರದಲ್ಲಿ ಬರೆಯದೆ ಎದುರಿಗೆ ಹೇಳುವುದು ಮರ್ಯಾದೆ ಎಂದು. ಅಮ್ಮನೂ ಸೇರಿ ನಾವು ಮೂವರು ಕಾರ್ಕಳಕ್ಕೆ ಹೋದೆವು. ನಮ್ಮಲ್ಲಿ ಮನೆಯೊಳಗೆ ತುಳು ಮಾತಾಡುವವರು ಕೂಡ ಹೆಣ್ಣು ನೋಡುವ ಹೊತ್ತಿಗೆ ಶಾಲು ಹೊದ್ದಂತೆ ಕನ್ನಡವನ್ನು ಹೊದ್ದುಕೊಳ್ಳುತ್ತಾರೆ. ಎಲ್ಲರೂ ಅಚ್ಚ ಪುಸ್ತಕದ ಕನ್ನಡದಲ್ಲಿ ಬಸ್ಸಿನ ಪ್ರಯಾಣ ಸುಖವಾಯಿತೇ ಎಂದು ವಿಚಾರಿಸಿಕೊಂಡರು. ತಿಂಡಿಗೆ ಸಜ್ಜಿಗೆ, ಅವಲಕ್ಕಿಯ ಬಜಿಲು ಬಂತು. ತಂದಿಟ್ಟವಳನ್ನು ನಾನು ಆಗ ಮೊದಲ ಸಲ ನೋಡಿದೆ. ಹೆಸರು ವಾರಿಜಾ. ಅವಳು ತಲೆ ತಗ್ಗಿಸಿರಲಿಲ್ಲ. ಇದೂ ಒಂದು ಆಗಿಹೋಗಲಿ ಎಂಬಂತೆ ನಮ್ಮನ್ನೇ ನೋಡಿ ಒಳಬಾಗಿಲ ಹತ್ತಿರ ನಿಂತಳು.

ಪದ್ದುಮಾವ ಬಜಿಲು ಮುಗಿಸಿ, ಗಂಟಲು ಸರಿಮಾಡಿ, ಏಳನೆಯ ಮನೆಯ ವಿಷಯ ಎತ್ತಿದರು. ಸುಬ್ರಾಯರು ನೆಲ ನೋಡಿದರು. ಅವರಿಗೆ ಈ ಮಾತಿನ ಮುಂದಿನ ವಾಕ್ಯಗಳೆಲ್ಲ ಬಾಯಿಪಾಠ. ಆಗ ನಾನು ಎದ್ದು ನಿಂತೆ. ನಿಲ್ಲಬೇಕಾದ ಅಗತ್ಯವಿರಲಿಲ್ಲ, ಆದರೆ ಕುಳಿತು ಹೇಳುವ ಮಾತಲ್ಲ ಅದು. ಮಂಗಳ ಗ್ರಹದಲ್ಲಿ ಯಾರೂ ಇಲ್ಲ, ನಾನು ಇಷ್ಟು ದಿನ ಹೇಳಿದ್ದೆಲ್ಲ ಬರಿಯ ಊಹೆ, ಅದು ನಮ್ಮ ಗುಡ್ಡದ ಕೆಂಪು ಮುರಕಲ್ಲಿನಂಥ ಒಂದು ಕಲ್ಲು, ಕಲ್ಲಿಗೆ ಯಾರ ಮೇಲೂ ಸಿಟ್ಟಿಲ್ಲ ಎಂದೆ. ಕೊನೆಯ ಮಾತಿಗೆ ಬರುವಾಗ ನನ್ನ ಸ್ವರ ನಡುಗಿತು. ಹೆಣ್ಣಿನ ಕಡೆಯವರು ಅದನ್ನು ಪ್ರೀತಿಯೆಂದು ತಿಳಿದರು. ಅರ್ಧ ಅದೂ ಇತ್ತು.

ವಾರಿಜಾ ಅಪ್ಪನ ಕಡೆ ಒಮ್ಮೆ ನೋಡಿ, ಆಮೇಲೆ ನನಗೆ ಹೇಳಿದಳು. "ಮೊನ್ನೆ ಇದೇ ಚಾವಡಿಯಲ್ಲಿ ಅವರೆಲ್ಲ ಸುಖವಾಗಿದ್ದಾರೆ ಅಂತ ಹೇಳಿದ್ದಿರಿ. ನನಗೋಸ್ಕರ ಅವರನ್ನು ಇಲ್ಲ ಅನ್ನುವುದು ಬೇಡ. ಇರಲಿ ಅವರು."

ಅವಳು ಮುಂದುವರಿಸಿದಳು, ಈ ಸಲ ಪದ್ದುಮಾವನ ಕಡೆ ತಿರುಗಿ. "ಆದರೆ ಅಲ್ಲಿ ಜನ ಇದ್ದರೆ ಅವರಿಗೂ ಜಾತಕ ಇರಬೇಕಲ್ಲ. ಅವರ ಆಕಾಶದಲ್ಲಿ ನಮ್ಮ ಭೂಮಿ ಒಂದು ಗ್ರಹ. ಅಲ್ಲಿಯ ಯಾವುದೋ ಹುಡುಗಿಗೆ ಏಳನೇ ಮನೆಯಲ್ಲಿ ಭೂಮಿ ಕೂತಿರಬಹುದು. ಭೂಮಿ ದೋಷ ಅಂತ ಅವಳನ್ನೂ ಎಲ್ಲರೂ ಬಿಟ್ಟು ಹೋಗಿರಬಹುದು. ಅವಳಿಗೆ ನಾವು ಎಂತ ಮಾಡಿದ್ದೇವೆ ಹೇಳಿ. ನಾವಿಲ್ಲಿ ಸಜ್ಜಿಗೆ ತಿನ್ನುತ್ತಾ ಕೂತಿದ್ದೇವೆ, ಅಷ್ಟೇ."

ಪದ್ದುಮಾವನ ಕೈ ಕಾಫಿ ಲೋಟದ ಮೇಲೆಯೇ ನಿಂತುಬಿಟ್ಟಿತು. ಸಿಟ್ಟು ಬಂತೇನೋ ಎಂದು ನಾನು ಹೆದರಿದೆ. ಸಿಟ್ಟಲ್ಲ, ಅವರು ಲೆಕ್ಕ ಹಾಕುತ್ತಿದ್ದರು. ಅಲ್ಲಿಂದ ನೋಡಿದರೆ ಭೂಮಿ ಸೂರ್ಯನ ಬೆನ್ನು ಬಿಡುವುದಿಲ್ಲ ಅಲ್ಲವಾ, ನಮಗೆ ಶುಕ್ರ ಇದ್ದ ಹಾಗೆ, ಎಂದು ನನ್ನನ್ನು ಕೇಳಿದರು. ಹೌದೆಂದೆ. ಹಾಗಾದರೆ ಅದು ಶುಭಗ್ರಹವೇ ಆಗಬೇಕು ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ನಮ್ಮನ್ನು ಯಾರಾದರೂ ಶುಭ ಎಂದು ಎಣಿಸಿಯಾರೇ ಎಂಬ ಸಂಶಯವೂ ಅವರಿಗೆ ಬಂದಂತೆ ಕಂಡಿತು. ಅವರು ಸುಬ್ರಾಯರ ಹತ್ತಿರ ಕಾಗದ ಕೇಳಿ, ಚಾವಡಿಯಲ್ಲಿಯೇ ಮಂಗಳ ಗ್ರಹದ ಒಂದು ಹುಡುಗಿಯ ಕುಂಡಲಿ ಬರೆಯಲು ಕುಳಿತರು. ನಾವೆಲ್ಲ ಸುತ್ತ ಕುಳಿತೆವು. ಎರಡನೆಯ ಸಲ ಕಾಫಿ ಬಂತು. ಹೆಣ್ಣು ನೋಡಲು ಬಂದವರು ಇಲ್ಲಿಯ ಹೆಣ್ಣನ್ನು ಬಿಟ್ಟು ಅಲ್ಲಿಯ ಹೆಣ್ಣಿನ ಜಾತಕ ನೋಡಿದ್ದು ಅದೇ ಮೊದಲಿರಬೇಕು. ಕೊನೆಗೆ, ಅಲ್ಲಿಯ ಪಂಚಾಂಗ ಕೈಗೆ ಸಿಗದೆ ಈ ಲೆಕ್ಕ ಮುಗಿಯುವುದಿಲ್ಲ ಎಂದು ಲೇಖನಿ ಕೆಳಗಿಟ್ಟು, ಮಾವ ವಾರಿಜಾಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಶಾಸ್ತ್ರದಲ್ಲಿ ಒಂದು ಮಾತು ಉಂಟು," ಎಂದರು. "ಇಬ್ಬರಿಗೂ ಕುಜದೋಷ ಇದ್ದರೆ ಒಂದಕ್ಕೊಂದು ಸರಿಹೋಗುತ್ತದೆ, ದೋಷ ಇಲ್ಲ. ಇವನ ಜಾತಕದಲ್ಲಿ ಕುಜ ಸಾಧು. ಆದರೆ ಹೊಟ್ಟೆಪಾಡಿನ ಕೆಲಸ ಬಿಟ್ಟು ವರ್ಷವಿಡೀ ಮಂಗಳ, ಮಂಗಳ ಅಂತ ಊರು ತಿರುಗುವವನಿಗೆ ಕುಜ ಹಿಡಿದಿಲ್ಲ ಅಂತ ಹೇಗೆ ಹೇಳುವುದು? ಇವಳಿಗೆ ಒಂದು ಮನೆಯಲ್ಲಿ ಮಾತ್ರ, ಇವನಿಗೆ ಹನ್ನೆರಡು ಮನೆಯಲ್ಲಿಯೂ ಉಂಟು. ಹೆಣ್ಣಿನ ಕಡೆಯವರು ಯೋಚನೆ ಮಾಡಿ ಹೇಳಬೇಕು. ನಮ್ಮದೇನೂ ಅಡ್ಡಿ ಇಲ್ಲ."

ಸುಬ್ರಾಯರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರು ಒಳಗೆ ಹೋದವರು ಕಣ್ಣೊರೆಸಿಕೊಂಡು ಬಂದರು. ಹೊರಡುವ ಮೊದಲು ಪದ್ದುಮಾವ ನನ್ನನ್ನು ಮೆಟ್ಟಿಲ ಬಳಿಗೆ ಕರೆದು, ಊರವರಿಗೆಲ್ಲ ಜೀವವಿಮೆ ಮಾಡಿಸುತ್ತೀಯಲ್ಲ, ನೀನು ನಿನಗೆ ಮಾಡಿಸಿಕೊಂಡಿದ್ದೀಯಾ ಎಂದು ಮೆಲ್ಲನೆ ಕೇಳಿದರು. ಇಲ್ಲವೆಂದೆ. ಶಾಸ್ತ್ರ ತನ್ನ ಕೆಲಸ ಮಾಡಿದೆ, ಇನ್ನು ಉಳಿದದ್ದನ್ನು ನೀನು ಮಾಡಿಕೋ ಎಂದರು. ಹೀಗೆ ಮದುವೆಗೆ ಮೊದಲು ನಾನು ನನಗೇ ಒಂದು ಪಾಲಿಸಿ ಮಾರಿಕೊಂಡೆ. ಮಂಗಳದ ಮಾತು ಎತ್ತದೆ ಮಾರಿದ ಮೊದಲನೆಯದು ಅದು.

ಕುಜ ನಮಗೆ ಯಾವ ಕೆಟ್ಟದ್ದನ್ನೂ ಮಾಡಲಿಲ್ಲ. ವಾರಿಜಾ ಉಡುಪಿಯ ಶಾಲೆಗೆ ಬಂದಳು. ಅಮ್ಮನೂ ಅವಳೂ ಸೇರಿ ಇರುವೆ, ಇಲಿ, ಕಾಗೆಗಳೊಡನೆ ಒಂದು ಒಪ್ಪಂದಕ್ಕೆ ಬಂದರು. ಅದರಲ್ಲಿ ನನ್ನ ಪುಸ್ತಕದ ಕಪಾಟನ್ನು ಇಲಿಗಳಿಗೆ ಬಿಟ್ಟುಕೊಟ್ಟದ್ದು ಆಮೇಲೆ ತಿಳಿಯಿತು. ಪ್ರತಿ ವರ್ಷ ಬೇಸಗೆಯ ಕೊನೆಗೆ, ಮಳೆ ಬರುವ ಮೊದಲು, ನಾನು ವಾರಿಜಾಳನ್ನು ಅಂಗಳಕ್ಕೆ ಕರೆದು ದಕ್ಷಿಣದ ಕಡೆ ಕೆಂಪಗೆ ಹೊಳೆಯುವ ಮಂಗಳನನ್ನು ತೋರಿಸುತ್ತಿದ್ದೆ. ಅವಳು ನೆಂಟರನ್ನು ಕಂಡಂತೆ ನಗುತ್ತಿದ್ದಳು. ಅಲ್ಲಿಯ ಹುಡುಗಿಗೆ ಮದುವೆಯಾಯಿತಂತಾ ಎಂದು ಒಮ್ಮೆ ಕೇಳಿದ್ದಳು. ಆಗಿ ಎರಡು ಮಕ್ಕಳು ಎಂದು ನಾನು ಹೇಳಿದ್ದೆ. ನಮಗೂ ಆಗ ಎರಡೇ.

ಹೀಗೆ ಎಂಟೊಂಬತ್ತು ವರ್ಷ ಕಳೆದವು. ಅರವತ್ತೈದರ ಮಳೆಗಾಲದಲ್ಲಿ ಒಂದು ದಿನ ಪತ್ರಿಕೆ ಬಿಡಿಸಿದವನು ಬಿಡಿಸಿದ ಹಾಗೆಯೇ ಕುಳಿತೆ. ಅಮೆರಿಕದವರು ಹಾರಿಸಿದ ಒಂದು ನೌಕೆ ಮಂಗಳನ ಹತ್ತಿರದಿಂದ ಹಾದುಹೋಗಿ ಚಿತ್ರ ತೆಗೆದಿತ್ತು. ಕಾಲುವೆ ಇಲ್ಲ, ಹೊಳೆ ಇಲ್ಲ, ಹಸಿರಿಲ್ಲ. ಚಂದ್ರನ ಮೇಲಿನಂತೆ ಬರಿಯ ಗುಂಡಿಗಳು. ಗಾಳಿಯೂ ಇದ್ದೂ ಇಲ್ಲದ ಹಾಗೆ. ಅಂದು ನಾನು ಕೆಲಸಕ್ಕೆ ಹೋಗಲಿಲ್ಲ. ಸುದ್ದಿ ಹೇಗೆ ಹೋಯಿತೋ, ಸಂಜೆಗೆ ಪಾಸ್ಕಲ್ ಪೊರ್ಬುಗಳು ಕೊಡೆ ಹಿಡಿದು ಬಂದು, ಹೆಚ್ಚು ಮಾತಾಡದೆ ಸ್ವಲ್ಪ ಹೊತ್ತು ಕುಳಿತು, ದೇವರ ಇಚ್ಛೆ ಎಂದು ಎದ್ದು ಹೋದರು. ಅಮ್ಮನೇ ನನಗೆ ಸಮಾಧಾನ ಹೇಳಿದಳು. ಅವರು ಫೋಟೋ ತೆಗೆದದ್ದು ಮಧ್ಯಾಹ್ನ ಇರಬೇಕು, ಊಟ ಮಾಡಿ ಎಲ್ಲರೂ ಮಲಗಿದ ಹೊತ್ತು, ಆ ಬಿಸಿಲಿಗೆ ಹೊರಗೆ ಯಾರಿರುತ್ತಾರೆ ಎಂದಳು. ಏಪ್ರಿಲಿನಲ್ಲಿ ಹಿರಿಯಡ್ಕದ ಮುರಕಲ್ಲಿನ ಬಯಲನ್ನು ಮೇಲಿನಿಂದ ತೆಗೆದರೆ ಇಲ್ಲಿಯೂ ಯಾರೂ ಕಾಣಲಿಕ್ಕಿಲ್ಲ ಎಂದು ನನಗೂ ಅನಿಸಿತು. ಆದರೂ ಮನಸ್ಸು ಹಗುರಾಗಲಿಲ್ಲ. ಇಷ್ಟು ದೊಡ್ಡ ಆಕಾಶದಲ್ಲಿ ನಾವು, ನಮ್ಮ ಇರುವೆ, ನಮ್ಮ ಕಾಗೆ, ಇಷ್ಟೇ ಎಂದಾದರೆ ಮನೆ ತೀರಾ ದೊಡ್ಡದಾಯಿತು ಎನಿಸುತ್ತದೆ.

ಮಳೆ ಬಿಟ್ಟು ಚೌತಿ ಕಳೆದ ಮೇಲೆ ಪದ್ದುಮಾವ ನಮ್ಮನ್ನು ಕಾಪುವಿಗೆ ಊಟಕ್ಕೆ ಕರೆದರು. ಸಂಜೆ ಮಾವ, ವಾರಿಜಾ, ನಾನು ದೀಪಸ್ತಂಭದ ಬದಿಯ ಮರಳಿನ ಮೇಲೆ ಕುಳಿತೆವು. ಸೂರ್ಯ ಮುಳುಗಿ ಕಡಲಿನ ಮೇಲೆ ಒಂದೊಂದೇ ಚುಕ್ಕೆ ಮೂಡಿತು. ನಾನು ದಕ್ಷಿಣದ ಕಡೆಗೆ ಕೈ ತೋರಿಸಿ, ಹೋದವರನ್ನು ನೆನೆಯುವ ಸ್ವರದಲ್ಲಿ, ಅಗೋ ನಮ್ಮ ಮಂಗಳ ಎಂದೆ.

ಪದ್ದುಮಾವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಕುಜ ಈಗ ತುಲಾ ರಾಶಿಯಲ್ಲಿ ಅಲ್ವಾ ಎಂದರು. ಅವರು ತೋರಿಸಿದ್ದು ಇನ್ನೂ ಪಶ್ಚಿಮಕ್ಕೆ, ಕಡಲಿಗೆ ಹತ್ತಿರದಲ್ಲಿದ್ದ ಇನ್ನೊಂದು ಕೆಂಪು ಚುಕ್ಕೆಯನ್ನು. ನಾನು ತೋರಿಸಿದ್ದು ಜ್ಯೇಷ್ಠಾ ನಕ್ಷತ್ರವಂತೆ. ಇಷ್ಟು ವರ್ಷವೂ ಅದನ್ನೇ ತೋರಿಸುತ್ತಿದ್ದೆಯಾ ಎಂದು ಕೇಳಿದರು. ಬೇಸಗೆಯ ಕೊನೆಗೆ ಪ್ರತಿ ವರ್ಷವೂ ಅದೇ ಹೊತ್ತಿಗೆ, ಅದೇ ತೆಂಗಿನಮರದ ಮೇಲೆ ಸಿಗುತ್ತಿತ್ತು ಎಂದೆ. ಅದು ನನಗೆ ಒಮ್ಮೆಯೂ ಸಂಶಯ ಹುಟ್ಟಿಸಿರಲಿಲ್ಲ. ನಂಬಿಕಸ್ಥ ಗ್ರಹ ಎಂದುಕೊಂಡಿದ್ದೆ.

"ಗ್ರಹ ಅಂದರೆ ನಿನ್ನ ಹಾಗೆ ಶೀನ, ಬ್ಯಾಗು ಹಿಡಿದು ಊರೂರು ತಿರುಗುವುದು," ಎಂದರು ಮಾವ. "ಒಂದೇ ಕಡೆ ಸಿಗುವುದು ನಕ್ಷತ್ರ."

ನಾನು ಮರಳನ್ನು ಕೆದಕುತ್ತ ಕುಳಿತೆ. ವಾರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಗು ನಿಂತ ಮೇಲೆ ಜ್ಯೇಷ್ಠಾವನ್ನು ಬಹಳ ಹೊತ್ತು ನೋಡಿದಳು. "ಒಳ್ಳೆಯದೇ ಆಯಿತಲ್ಲ," ಎಂದಳು. "ನೀವು ತೋರಿಸಿದ್ದರ ಫೋಟೋ ಇನ್ನೂ ಯಾರೂ ತೆಗೆದಿಲ್ಲ. ಅಲ್ಲಿ ಇರಬಹುದು."

ಆ ಮಾತು ಕೇಳಿ ನನ್ನ ಎದೆ ಎಷ್ಟು ಹಗುರವಾಯಿತೆಂದರೆ, ಜ್ಯೇಷ್ಠಾ ಸೂರ್ಯನಂಥ ಬೆಂಕಿಯುಂಡೆ, ಅಲ್ಲಿ ಯಾರೂ ನಿಲ್ಲಲಾರರು ಎಂಬುದು ನೆನಪಿಗೆ ಬಂದರೂ ಬಾಯಿ ಬಿಡಲಿಲ್ಲ. ಅದರ ಸುತ್ತ ಯಾವುದಾದರೂ ಸಣ್ಣ ಗ್ರಹ ಇರಬಾರದೇಕೆ ಎಂದು ಮನಸ್ಸು ಆಗಲೇ ಹೊರಟಾಗಿತ್ತು. ಈ ಸಲ ತಪ್ಪಬಾರದೆಂದು ಮಾವನಿಂದ ಎರಡನ್ನೂ ಇನ್ನೊಮ್ಮೆ ತೋರಿಸಿಕೊಂಡು, ಗೊತ್ತಾಯಿತೆಂದು ತಲೆಯಾಡಿಸಿದೆ. ಬಸ್ಸಿಗೆ ನಡೆಯುವಾಗ ತಿರುಗಿ ನೋಡಿದರೆ, ಎರಡರಲ್ಲಿ ಯಾವುದು ಯಾವುದೆಂಬುದು ಮರೆತುಹೋಗಿತ್ತು. ಮುಂದೆ ಹೋಗುತ್ತಿದ್ದ ಇಬ್ಬರನ್ನೂ ಕೇಳುವ ಧೈರ್ಯ ಬರಲಿಲ್ಲ. ಯಾವುದಕ್ಕೂ ಇರಲಿ ಎಂದು ಎರಡರ ಕಡೆಗೂ ಒಮ್ಮೆ ಕೈಬೀಸಿ ಬಸ್ಸು ಹತ್ತಿದೆ.